ಎದ್ದು ಬರದೆ ಕೂತಿದ್ದು

18-11-1973, ಭಾನುವಾರ

ಚಿತ್ರದುರ್ಗದ ವಿದ್ಯಾರ್ಥಿ ಸಮ್ಮೇಳನಕ್ಕೆ ಪೋಷಕರನ್ನೂ ಕರೆದಿದ್ದರು. ಹೋಗಿ ಬಂದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಸಂಪ್ರದಾಯ ಉಳಿಯಬೇಕಾದರೆ ಹೆಣ್ಣುಮಕ್ಕಳು ಕಾಲೇಜು ಬಿಡಬೇಕು ಎಂದರು ಬೆಂಗಳೂರಿನ ಭಾಷಣಕಾರರು. ಅರ್ಧ ಸಭೆ ಕೂಗುತ್ತಾ ಹೊರನಡೆಯಿತು. ನನ್ನ ಮಗಳು ಪಾಲಮ್ಮನೂ ಹೋದಳು. ನಾನು ಕೂತೇ ಇದ್ದೆ. ಕತೆ ಹೇಳುವವರ ಮುಂದಿನಿಂದ ನಡುವೆ ಏಳಬಾರದೆಂದು ನಮ್ಮಜ್ಜಿ ಹಟ್ಟಿಯಲ್ಲಿ ಕಲಿಸಿದ್ದು. ಹಾಳು ಅಭ್ಯಾಸ.

ಬಸ್ಸಿನಲ್ಲಿ ಪಾಲಮ್ಮ ಕೇಳಿದಳು: "ಯಾಕಪ್ಪಯ್ಯ, ಭಾಷಣ ಅಷ್ಟು ರುಚಿಯಾಗಿತ್ತಾ?"

"ಇಲ್ಲ ಕಣವ್ವ. ಹೇಳ್ತಿರೋರ ಮುಂದಿಂದ ಎದ್ದೋಗಾದು ಹೆಂಗೆ?"

"ಅವ್ರು ಕತೆ ಹೇಳ್ಲಿಲ್ಲ. ನನ್ ಓದು ಬಿಡ್ಸಕ್ಕೆ ಹೇಳಿದ್ರು."

ಹೊಸದುರ್ಗದಲ್ಲಿ ಇಳಿದು ಮನೆಗೆ ಬಂದೆವು. ಊಟಕ್ಕೆ ಕೂತಾಗ ಮೆಲ್ಲಗೆ, "ನಾಳೆ ಕಾಲೇಜಿಗೆ ಹೋಗ್ಲಾ?" ಎಂದಳು. ಹೋಗು ಎಂದೆ, ಎರಡು ಸಲ ಎಂದೆ. ಆದರೆ ಕಾಲೇಜು ಸೇರಿದ ಈ ಎರಡು ವರ್ಷದಲ್ಲಿ ಅವಳು ಒಂದು ದಿನವೂ ನನ್ನನ್ನು ಕೇಳಿ ಹೋದವಳಲ್ಲ.