ಗೆರೆಯ ಮೇಲಿನ ಕೊಸರು

ಮೈಸೂರು,
ಆಗಸ್ಟ್ ೨೦೦೮

ನಯನಾ,

ನಿನ್ನ ಕಾಗದ ತಲುಪಿತು. ಹಳೆಯ ಕಾರನ್ನು ತಾಂಡವಪುರದ ಕವನಳಿಗೆ ಕೊಡುತ್ತಿದ್ದೀಯ ಎಂದು ತಿಳಿಯಿತು. ಅಪಘಾತದ ನಂತರ ಅವಳ ಎಡಗಾಲೂ ನಿನ್ನದರ ಹಾಗೆ ಕ್ಲಚ್ಚು ತುಳಿಯಲಾರದು. ಆ ಕಾರು ಅವಳಿಗೇ ಹೋಗಬೇಕಾದದ್ದು. ಗೇರ್‌ಬಾಕ್ಸಿಗೆ ಯಾವ ಎಣ್ಣೆ ಹಾಕಬೇಕೆಂದು ಅವಳು ಕೇಳಿದಳಂತೆ. 'ನೀನೇ ಬರೆದುಕೊಡು, ನಾನು ಹೇಳಹೋದರೆ ನಗು ಬರುತ್ತದೆ, ಆಮೇಲೆ ನಗು ನಿಲ್ಲುತ್ತದೆ' ಎಂದು ಬರೆದಿದ್ದೀಯ. ಉತ್ತರ ಒಂದು ಸಾಲಿನದು. ಬೆಳಗಿನಿಂದ ಅದರ ಸುತ್ತಲೇ ಕೂತಿದ್ದೇನೆ.

ನೀನು ಟಿ. ನರಸೀಪುರದ ಹೈಸ್ಕೂಲಿಗೆ ಪಾಠ ಮಾಡಲು ಬಸ್ಸಿನಲ್ಲಿ ಹೋಗಿಬರುತ್ತಿದ್ದ ವರ್ಷಗಳಲ್ಲಿ ನಾನು ನಂಜನಗೂಡಿಗೆ ಬರುತ್ತಿದ್ದದ್ದು ಕಡಿಮೆ. ಬಂದಾಗ ಒಮ್ಮೆ ನಿನ್ನನ್ನು ಬಸ್‌ಸ್ಟ್ಯಾಂಡಿನವರೆಗೆ ಬಿಟ್ಟಿದ್ದೆ. ಬಸ್ಸಿನ ಮೊದಲ ಮೆಟ್ಟಿಲು ನಿನ್ನ ಮೊಣಕಾಲಿನ ಎತ್ತರಕ್ಕಿತ್ತು. ಕಂಡಕ್ಟರು ಒಳಗಿನಿಂದ, "ಟೀಚರ್‌ಗೆ ಯಾರಾರ ಕೈ ಕೊಡ್ರಪ್ಪೋ" ಎಂದು ಕೂಗಿದ. ನಾಕಾರು ಕೈಗಳು ಒಟ್ಟಿಗೆ ಚಾಚಿಕೊಂಡವು. ಮುಂದೊಂದು ದಿನ ನೀನು ಹೇಳಿದೆ: "ಎಲ್ಲಾ ಒಳ್ಳೆ ಕೈಗಳೇ ಕಣಣ್ಣ. ಕೆಟ್ಟ ಕೈ ಒಂದಿದ್ದಿದ್ರೆ ಬಯ್ಯಬೋದಾಗಿತ್ತು."

ಆಮೇಲೆ ಆ ಕಾರು ಬಂತು. ಮೈಸೂರಿನಲ್ಲಿ ಕಣ್ಣು ಮಂಜಾಗಿ ಓಡಿಸುವುದನ್ನು ಬಿಟ್ಟ ಡಾಕ್ಟರೊಬ್ಬರದು. ಸಣ್ಣ ಕಾರು, ಬೂದು ಬಣ್ಣ, ಎರಡೇ ಪೆಡಲು, ಕ್ಲಚ್ಚೇ ಇಲ್ಲ. ಅಪ್ಪ ಅದರ ಸುತ್ತ ಪ್ರದಕ್ಷಿಣೆ ಹಾಕಿದವರಂತೆ ನಡೆದು ತಮ್ಮ ಷರತ್ತು ಹೇಳಿದರು: "ನೋಡು ಕೂಸೇ, ಒಂದೇ ಮಾತು. ಇದು ನಿನ್ನ ಕೂರಿಸ್ಕೊಂಡು ದಾರೀಲಿ ಒಂದ್ಸಲ ನಿಂತ್ಕತ್ತು ಅಂದ್ರೆ ಮಾರಾಕ್ಬುಡದು. ಕಬ್ಬಿನ ಗದ್ದೆ ನಡುವೆ ಒಂಟಿ ಹೆಂಗ್ಸು ನಿಂತಿರದ ನನ್ನ ಕೈಲಿ ನೆನ್ಸ್ಕಳಕಾಗಕಿಲ್ಲ." ನೀನು ಒಪ್ಪಿದೆ. ಅಮ್ಮ ಮಾತ್ರ ಅಡುಗೆಮನೆಯಿಂದಲೇ, "ಬಸ್ಸು ನಿಂತಾಗ್ಲೂ ಬಸ್ಸು ಮಾರ್ತಿದ್ರಾ?" ಎಂದರು. ಅಪ್ಪ ಕೇಳಿಸದವರಂತೆ ನಿಂಬೆಹಣ್ಣು ಹುಡುಕಲು ಹೋದರು.

ಕಾರು ಬಂದ ವಾರದಲ್ಲೇ ಗೇರು ಹಾಕಿದಾಗಲೆಲ್ಲ ಬಿಕ್ಕಳಿಸಲು ಶುರುಮಾಡಿತು. ನೀನು ನರಸೀಪುರದಿಂದ ಮೆಕ್ಯಾನಿಕ್ ರಂಗನಾಯಕನನ್ನು ಭಾನುವಾರ ಕರೆಸಿದೆ. ಅವನ ಬದುಕೆಲ್ಲ ಟ್ರ್ಯಾಕ್ಟರು, ಲಾರಿ. ಅಂದು ನಾನೂ ಅಲ್ಲಿದ್ದೆ. ಜಗಲಿಯ ಮೇಲೆ ಪೇಪರು ಹಿಡಿದು, ಓದದೆ. ರಂಗನಾಯಕ ಒಂದು ಡಬ್ಬ ಇಳಿಸಿದ. "ಗೇರ್‌ಗೆ ತೊಂಬತ್ತು ನಂಬರ್ ಆಯಿಲ್ಲು. ಟ್ರ್ಯಾಕ್ಟರ್‌ಗೂ ಅದೇ, ಲಾರಿಗೂ ಅದೇ. ಇದೇನ್ ಮೇಡಂ, ಮನೆ ಅಳಿಯನಾ, ಬ್ಯಾರೆ ಅಡ್ಗೆ ಮಾಡಾಕೆ?"

ನೀನು ಗೋಡೆ ಹಿಡಿದು ನಿಂತು ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ. "ಟ್ರ್ಯಾಕ್ಟರ್‌ಗೆ ಕ್ಲಚ್ ಪೆಡಲ್ ಇದೆ ರಂಗನಾಯಕ, ತುಳಿಯಕ್ಕೆ ಕಾಲಿದೆ. ಇದರಲ್ಲಿ ಆ ಕೆಲಸಾನೂ ಎಣ್ಣೇನೇ ಮಾಡೋದು. ಅದು ಗೇರಿಗಲ್ಲ, ನನ್ನ ಎಡಗಾಲಿಗೆ ಹಾಕೋ ಎಣ್ಣೆ." ಅವನು ತಲೆ ಕೆರೆದುಕೊಂಡು, "ಹಂಗಾರೆ ವೈದ್ಯರ್ನ ಕರೀಬೇಕಿತ್ತು" ಎಂದ. ಎಲ್ಲರೂ ನಕ್ಕರು. ನಿನ್ನ ಕಾಲಿನ ಬಗ್ಗೆ ಆ ಅಂಗಳದಲ್ಲಿ ಯಾರಾದರೂ ನಕ್ಕದ್ದು ಅದೇ ಮೊದಲು, ಮತ್ತು ಅದಕ್ಕೆ ಕಾರಣ ನೀನೇ.

ನೀನೂ ಅವನೂ ಬಾನೆಟ್ಟಿನೊಳಗಿನ ಗೇರೆಣ್ಣೆಯ ಅಳತೆಕಡ್ಡಿ ಎಳೆದು ಅಪ್ಪನ ಬಿಳಿ ಟವೆಲಿನ ಮೇಲೆ ಒರೆಸಿದಿರಿ. ಕೆಂಪಗಿರಬೇಕಾದ ಎಣ್ಣೆ ಕಾಫಿಯ ಬಣ್ಣಕ್ಕಿತ್ತು. ಅಪ್ಪ ಬೆರಳಲ್ಲಿ ತೀಡಿ ಮೂಸಿದರು. "ಸುಟ್ಟೋಗದೆ. ವಾರಗಟ್ಲೆ ಒಂದೇ ಎಣ್ಣೇಲಿ ಬೋಂಡ ಕರ್ದವ್ರೆ." ಟವೆಲಿನಿಂದ ಮತ್ತೆ ಒರೆಸಿದಾಗ ಕಡ್ಡಿಯ ತುದಿಯಲ್ಲಿ ಎರಡು ಗೆರೆಗಳೂ ಅವುಗಳ ಮೇಲೆ ಒಂದು ಹೆಸರೂ ಕಂಡವು. ಬೇಕಾದ ಎಣ್ಣೆ ಯಾವುದೆಂದು ಕಾರಿನ ಮೇಲೆಯೇ ಕೊರೆದಿತ್ತು. ಜಿಡ್ಡು ಅದನ್ನು ಮುಚ್ಚಿತ್ತು. ರಂಗನಾಯಕನ ಡಬ್ಬದ್ದು ಅದಲ್ಲ. ಲಾರಿಯ ಸ್ಟಿಯರಿಂಗಿಗೆ ಹಾಕುವ ಕೆಂಪೆಣ್ಣೆಯೂ ಅದಲ್ಲ, ಬಣ್ಣ ಒಂದೇ ಆದರೂ. ಮುಂದಿನ ಭಾನುವಾರ ಸರಿಯಾದ ಡಬ್ಬಗಳನ್ನು ಮೈಸೂರಿನಿಂದ ನಾನೇ ತಂದೆ. ಒಮ್ಮೆ ಇಳಿಸಿದರೆ ಹಳೆಯದರಲ್ಲಿ ಅರ್ಧದಷ್ಟೂ ಬರುವುದಿಲ್ಲವೆಂದು ಇಳಿಸಿ, ಹೊಸದು ಹಾಕಿ, ಹುಲ್ಲಹಳ್ಳಿಯ ಕಡೆಗೆ ಓಡಿಸಿಕೊಂಡು ಬಂದು, ಮತ್ತೆ ಇಳಿಸಿ ಹಾಕಿದಿರಿ. ಸಂಜೆ ನೀನು ಸುರಿದು ನಿಲ್ಲಿಸಿದಾಗ ಎಣ್ಣೆ ಮೇಲಿನ ಗೆರೆಗೆ ಸರಿಯಾಗಿ ಮುಟ್ಟಿತ್ತು. ಡಬ್ಬದಲ್ಲಿ ಒಂದಿಷ್ಟು ಉಳಿದಿತ್ತು. ಬಿಕ್ಕಳಿಕೆ ನಿಂತಿತ್ತು.

ಇನ್ನು ಮುಂದಿನದು ಕವನಳಿಗೆ ಅರ್ಥವಾಗಬೇಕಾದರೆ ಅಪ್ಪನ ಅಂಗಡಿಯನ್ನು ಅವಳು ನೋಡಿರಬೇಕಿತ್ತು. ದೇವಸ್ಥಾನದ ದಾರಿಯ ಆ ಎಣ್ಣೆ ಅಂಗಡಿಯಲ್ಲಿ ಎಳ್ಳಿಗೊಂದು, ಹರಳಿಗೊಂದು, ಹಿಪ್ಪೆಗೊಂದು ಸೌಟು. ಒಂದರ ಸೌಟು ಇನ್ನೊಂದಕ್ಕೆ ಬಿದ್ದರೆ ಅಪ್ಪ ಇಡೀ ಡಬ್ಬವನ್ನೇ ಬದಿಗಿಡುತ್ತಿದ್ದರು. ಅಷ್ಟು ಶುದ್ಧದ ಮನುಷ್ಯ ಅಳತೆಯಲ್ಲಿ ಮಾತ್ರ ಶುದ್ಧವಾಗಿರಲಿಲ್ಲ. ಪಾವು ತುಂಬಿದ ಮೇಲೆ ಇನ್ನೊಂದು ಸೌಟು ಬೀಳಲೇಬೇಕು. ಕೊಸರು. "ಗೆರೆಗೆ ನಿಲ್ಲಿಸ್ದೋನು ವ್ಯಾಪಾರಿ. ಗೆರೆ ದಾಟ್ಸಿ ಕೊಟ್ಟೋನು ಮನ್ಷ" ಎನ್ನುತ್ತಿದ್ದರು. ಹೊರಗಿನವರಿಗೇ ಒಂದು ಸೌಟು. ಮಗಳಿಗೆ?

ಸೋಮವಾರ ಬೆಳಿಗ್ಗೆ ನೀನು ಸೀರೆ ಉಡುತ್ತಿದ್ದಾಗ ಅಪ್ಪ ಚಕ್ರಕ್ಕೆ ನಿಂಬೆಹಣ್ಣು ಇಟ್ಟರು, ಬಾನೆಟ್ಟು ಎತ್ತಿ ವಿಭೂತಿ ಹಚ್ಚಿದರು, ಮತ್ತು ಡಬ್ಬದಲ್ಲಿ ಉಳಿದದ್ದಷ್ಟನ್ನೂ ಒಳಗೆ ಸುರಿದರು. ನಾನಾಗಲೇ ಮೈಸೂರಿನ ಬಸ್ಸಿನಲ್ಲಿದ್ದೆ. ಇದೆಲ್ಲ ಆಮೇಲೆ ನಿನ್ನಿಂದ ಮತ್ತು ಅಮ್ಮನಿಂದ ಕೇಳಿದ್ದು.

ನರಸೀಪುರ ಇನ್ನೇನು ಬಂತು ಎನ್ನುವಾಗ ಎಂಜಿನ್ನು ಅರಚಿತಂತೆ, ಕಾರು ಮಾತ್ರ ಮುಂದೆ ಹೋಗಲಿಲ್ಲವಂತೆ. ಎರಡೂ ಕಡೆ ಕಬ್ಬು. ನೀನು ಸ್ಟಿಯರಿಂಗ್ ಹಿಡಿದೇ ಕೂತಿದ್ದೆ. ಇಳಿದರೆ ಯಾರಾದರೂ ಕೈ ಕೊಡಲು ಬರುತ್ತಾರೆ ಎಂದು ಇಳಿಯಲಿಲ್ಲ ಎಂದೆ. ಅಪ್ಪನ ಷರತ್ತು ನೆನಪಾಗಿ, ಬಸ್ಸಿನ ಮೊದಲ ಮೆಟ್ಟಿಲು ಕಣ್ಣಮುಂದೆ ಬಂತು ಎಂದೆ. ಹಾಲಿನ ಸೈಕಲ್ಲಿನವನ ಹತ್ತಿರ ಹೇಳಿಕಳಿಸಿದ ಮೇಲೆ ರಂಗನಾಯಕ ಮೊಪೆಡ್ಡಿನಲ್ಲಿ ಬಂದ. ಕಡ್ಡಿ ಎಳೆದ. ಗೆರೆಗಳೆರಡೂ ಮುಳುಗಿಹೋಗಿ ಕಡ್ಡಿಯ ತುಂಬ ಗುಲಾಬಿ ನೊರೆ. "ಏನ್ ಮೇಡಂ, ರಾತ್ರೋರಾತ್ರಿ ಸೋಪ್ ಪುಡಿ ಹಾಕ್ಬುಟ್ರಾ?"

ನಿನಗೆ ಕೂಡಲೇ ತಿಳಿಯಿತು. ಬಾನೆಟ್ಟಿನ ಒಳಗೆ ವಿಭೂತಿಯ ಮೂರು ಗೆರೆಗಳಿದ್ದವಲ್ಲ. ಹೆಚ್ಚಾದ ಎಣ್ಣೆಯನ್ನು ಒಳಗಿನ ಚಕ್ರಗಳು ಕಡೆದು ಕಡೆದು ಮಜ್ಜಿಗೆ ಮಾಡಿದ್ದವು. ಗಾಳಿ ತುಂಬಿದ ಎಣ್ಣೆಗೆ ಕಾರನ್ನು ತಳ್ಳುವ ಬಲವಿರಲಿಲ್ಲ. ರಂಗನಾಯಕ ತೆಳುವಾದ ಕೊಳವೆ ಇಳಿಬಿಟ್ಟು ಹೆಚ್ಚಿದ್ದನ್ನು ಬಾಟಲಿಗೆ ಎಳೆದ. ಆರಲು ಬಿಟ್ಟು ಗೆರೆ ನೋಡಿದಿರಿ. ನೀನು ಎರಡನೆಯ ಪೀರಿಯಡ್ಡಿಗೆ ಶಾಲೆ ಸೇರಿದೆ.

ಆ ಸಂಜೆಯನ್ನು ನಾನು ನೋಡಿಲ್ಲ. ಆದರೂ ನಾನು ನೋಡಿದ ಎಷ್ಟೋ ಸಂಜೆಗಳಿಗಿಂತ ಅದು ಸ್ಪಷ್ಟವಾಗಿದೆ. ನಮ್ಮ ಕಬ್ಬಿಣದ ಗೇಟು ಎಂದಿನಂತೆ ಕಿರುಗುಟ್ಟಿತು. ಆ ಕಿರುಗುಟ್ಟುವಿಕೆಗೆ ಅಪ್ಪ ಮಧ್ಯಾಹ್ನದಿಂದಲೇ ಕಿವಿಗೊಟ್ಟಿರುತ್ತಿದ್ದರು. "ನಿಂತ್ಕತಾ?" ಎಂದರಂತೆ, ಜಗಲಿಯಿಂದ ಏಳುತ್ತ. ಇಲ್ಲ ಅನ್ನಬಹುದಿತ್ತು. ರಂಗನಾಯಕನ ಮೇಲೆ ಹಾಕಬಹುದಿತ್ತು. ನೀನು ಸೀಟಿನಿಂದ ಬಾಟಲಿ ತೆಗೆದು ಅವರ ಕೈಗಿಟ್ಟೆ.

"ನಿಂತಿತ್ತಪ್ಪ. ನಿಮ್ಮ ಕೊಸರು ಜಾಸ್ತಿ ಆಗಿತ್ತು. ವಾಪಸ್ ತಂದಿದೀನಿ."

ಅಷ್ಟು ವರ್ಷ ಅಂಗಡಿ ನಡೆಸಿದ ಮನುಷ್ಯನಿಗೆ ಯಾರೂ ಕೊಸರನ್ನು ಹಿಂದಕ್ಕೆ ಕೊಟ್ಟಿರಲಿಲ್ಲ. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರಂತೆ. ಎಣ್ಣೆ ಕೆಂಪಗೆ, ತಿಳಿಯಾಗಿತ್ತು. ಮೂಸಿದರಂತೆ. "ಎಣ್ಣೆ ಸರ್ಯಾಗೇ ಅದೆ" ಎಂದರಂತೆ. ನೀನು, "ಎಣ್ಣೇದೇನೂ ತಪ್ಪಿಲ್ಲ" ಎಂದೆಯಂತೆ. ಮಾರುವ ಮಾತು ಅಂದೂ ಬರಲಿಲ್ಲ, ಆಮೇಲೂ ಬರಲಿಲ್ಲ.

ಮಾರನೆಯ ಬೆಳಿಗ್ಗೆ ನೀನು ಹೊರಟಾಗ ಅಪ್ಪ ಗೇಟಿನ ಬಳಿ ಕುಕ್ಕರಗಾಲಲ್ಲಿ ಕೂತಿದ್ದರು. ಬಾಟಲಿಯ ಎಣ್ಣೆಯಲ್ಲಿ ಕೋಳಿ ಪುಕ್ಕ ಅದ್ದಿ ತಿರುಗಣಿಗಳಿಗೆ ಹಚ್ಚುತ್ತಿದ್ದರು. "ಚೆಲ್ಲಕಾಯ್ತದಾ" ಎಂದಷ್ಟೇ ಹೇಳಿದರು. ಗೇಟು ಸದ್ದಿಲ್ಲದೆ ತೆರೆಯಿತು. ಅಂದಿನಿಂದ ನೀನು ಹೋಗುವುದೂ ಬರುವುದೂ ಆ ಮನೆಯಲ್ಲಿ ಯಾರಿಗೂ ಕೇಳಿಸಲಿಲ್ಲ. ಮಗಳ ದಾರಿ ಕಾಯುವ ಸದ್ದೊಂದನ್ನು ಅವರು ಕೈಯಾರೆ ತೆಗೆದುಹಾಕಿದರು. ಗೊತ್ತಿದ್ದು ಮಾಡಿದರೋ, ಎಣ್ಣೆ ದಂಡವಾಗಬಾರದೆಂದು ಮಾಡಿದರೋ, ಅವರನ್ನು ಕೇಳಲಿಲ್ಲ. ಈಗ ಕೇಳಲು ಅವರಿಲ್ಲ. ಕೇಳಿದ್ದರೂ ಎಣ್ಣೆಯ ಬಗ್ಗೆಯೇ ಹೇಳುತ್ತಿದ್ದರು.

ಕವನಳಿಗೆ ಹೇಳು: ಯಾರ ಮಾತಿಗೂ ಮೊದಲು ಕಡ್ಡಿಯನ್ನು ಒರೆಸಿ ಓದಲಿ. ಅಲ್ಲಿರುವ ಹೆಸರಿನ ಎಣ್ಣೆಯೇ ಸರಿ. ಬಣ್ಣ ನೋಡಿ ಮೋಸ ಹೋಗಬಾರದು. ಒಂದಿಷ್ಟು ದೂರ ಓಡಿಸಿ, ಸಮ ನೆಲದಲ್ಲಿ ನಿಲ್ಲಿಸಿ, ಎಂಜಿನ್ನು ಚಾಲೂ ಇರುವಾಗಲೇ ಅಳೆಯಲಿ. ಮೇಲಿನ ಗೆರೆ ಮುಟ್ಟಿದ ಕೂಡಲೇ ಕೈ ನಿಲ್ಲಿಸಲಿ. ಅವಳ ಮನೆಯಲ್ಲೂ ಅಪ್ಪನೋ ಅಮ್ಮನೋ ಇರುತ್ತಾರೆ. ಉಳಿದ ಡಬ್ಬವನ್ನು ಅವರ ಕೈಗೆ ಕೊಟ್ಟು, ಗೇಟು ತೋರಿಸಲಿ.

ನಿನ್ನ ಹೊಸ ಕಾರಿಗೆ ಕಡ್ಡಿಯೇ ಇಲ್ಲವೆಂದು ಬರೆದಿದ್ದೀಯ. ಹಾಗಾದರೆ ಅದಕ್ಕೆ ಯಾರೂ ಏನೂ ಹೆಚ್ಚಾಗಿ ಸುರಿಯಲಾರರು. ಆದ್ದರಿಂದ ಇದನ್ನು ಕಾಗದದಲ್ಲಿ ಕಳಿಸುತ್ತಿದ್ದೇನೆ: ನಿನಗೆ ಸಲ್ಲಬೇಕಾದ ದಾರಿಯೆಲ್ಲ ಸಲ್ಲಲಿ, ಅದರ ಮೇಲೆ ಒಂದು ಸೌಟು.

ಸದ್ದಿಲ್ಲದೆ ಹೋಗಿ ಬಾ.

ನಿನ್ನ ಅಣ್ಣ,
ನಂಜೇಶ