ಊರಾಚೆಯವನ ಪಾತ್ರೆ

ಶಿರಾಗೇಟ್, ತುಮಕೂರು
ಸೋಮವಾರ, 30 ಮಾರ್ಚ್ 2026

ರಂಗರಾಜಣ್ಣನಿಗೆ,

ಜೈಭೀಮ್. ಓದಿ ನಗಬೇಡ. ಯೇಸುವನ್ನು ನಂಬಿದ ಮೇಲೆ ಈ ಮಾತು ಬಿಡಬೇಕು ಅಂತ ನನಗೆ ಯಾರೂ ಹೇಳಿಲ್ಲ. ಹೇಳಿದ್ದರೂ ಬಿಡುತ್ತಿರಲಿಲ್ಲ.

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಕುಣಿಗಲ್ಲಿಗೇ ಬಂದರೆ ಅತ್ತಿಗೆ ಕಾಫಿ ಕೊಡುತ್ತಾಳೆ, ನೀನು ಹಿತ್ತಿಲಿಗೆ ಹೋಗಿ ನಿಲ್ಲುತ್ತೀಯ. ಅದಕ್ಕೇ ಈ ಕಾಗದ. ಹಿತ್ತಿಲಲ್ಲೇ ಕೂತು ಓದು, ಪರವಾಗಿಲ್ಲ.

ನಾನು ಚೆನ್ನಾಗಿದ್ದೇನೆ. ಹಿರೇಹಳ್ಳಿ ಕಾರ್ಖಾನೆಯ ಧೂಳಿಗೆ ಒಂದಿಷ್ಟು ಕೆಮ್ಮು, ಅಷ್ಟೇ.

ಮೊದಲು ಗೆದ್ದ ಸುದ್ದಿ ಹೇಳಿಬಿಡುತ್ತೇನೆ. ಕೊರೋನಾ ಬಂದಾಗಿನಿಂದ ನಮ್ಮ ಚರ್ಚಿನ ಸಭೆಯಲ್ಲಿ ಪ್ರಭುಭೋಜನದ ದ್ರಾಕ್ಷಾರಸವನ್ನು ಪುಟ್ಟ ಪುಟ್ಟ ಪ್ಲಾಸ್ಟಿಕ್ ಕಪ್ಪಿನಲ್ಲಿ ಕೊಡುತ್ತಿದ್ದರು. ಕುಡಿ, ಬುಟ್ಟಿಗೆ ಬಿಸಾಕು. ಕೊರೋನಾ ಹೋಯಿತು, ಕಪ್ಪು ಹೋಗಲಿಲ್ಲ. ಮೊದಲಿನ ಹಾಗೆ ಎಲ್ಲರಿಗೂ ಒಂದೇ ಪಾತ್ರೆಯಲ್ಲಿ ಕೊಡಿ ಅಂತ ನಾನು ಜಗಳ ತೆಗೆದೆ. ವರ್ಷಗಟ್ಟಲೆ ಆಡಿದೆ. ನಿನ್ನೆ ಗರಿಗಳ ಭಾನುವಾರ ಕಮಿಟಿ ಕೊನೆಗೂ ಒಪ್ಪಿತು. ಬರುವ ಗುರುವಾರ, ಯೇಸು ಹಿಡಿದುಕೊಡಲ್ಪಟ್ಟ ದಿನ, ಒಂದೇ ಪಾತ್ರೆ.

ಒಂದು ಲೋಟಕ್ಕೆ ಇಷ್ಟೊಂದು ಜಗಳವೇ ಅಂತ ಬೇರೆ ಯಾರಾದರೂ ಕೇಳಬಹುದು, ನೀನು ಕೇಳುವ ಹಾಗಿಲ್ಲ.

ಚೇಳೂರಿನಾಚೆ ನಮ್ಮೂರ ಹೋಟೆಲು. ಒಳಗೆ ಅವರು, ಬೆಂಚಿನ ಮೇಲೆ. ನಮ್ಮ ಲೋಟಗಳು ಹೊರಗಿನ ಗೋಡೆಗೂಡಲ್ಲಿ. ಮೇಲಿಂದ ಟೀ ಹೊಯ್ಯುತ್ತಿದ್ದರು. ನಿಂತು ಕುಡಿದು, ನಾವೇ ತೊಳೆದು, ಕವುಚಿಟ್ಟು ಬರಬೇಕು. ಆ ಗೂಡನ್ನು ನೆನೆದರೆ ನಿನಗೆ ನೀನು ಲೋಟ ಒಡೆದದ್ದು ನೆನಪಾಗುತ್ತದೆ. ನನಗೆ ಅವ್ವ ಲೋಟ ತೊಳೆದದ್ದು. ದಿನವೆಲ್ಲ ಕಳೆ ಕಿತ್ತು ಬಂದು, ಎರಡು ಗುಟುಕು ಕುಡಿದು, ಲೋಟವನ್ನು ಸೆರಗಲ್ಲಿ ಒರೆಸಿ, 'ಚೆನ್ನಾಗ್ ತೊಳ್ದಿವ್ನಿ ಕಣಪ್ಪ' ಅಂತ ಹೋಟೆಲಿನವನಿಗೆ ಹೇಳುತ್ತಿದ್ದಳಲ್ಲ, ಆ ದನಿ.

ನೀನು ದಲಿತ ಸಂಘದ ಹುಡುಗರ ಜೊತೆ ನುಗ್ಗಿ ಆ ಲೋಟಗಳನ್ನೆಲ್ಲ ರಸ್ತೆಗೆ ಎಸೆದೆ. ನಿನ್ನ ತಲೆ ಒಡೆಯಿತು. ಮಾರನೇ ವಾರ ಹೋಟೆಲಿನವನು ಎಲ್ಲರಿಗೂ ಪ್ಲಾಸ್ಟಿಕ್ ಲೋಟ ತಂದ. ಸಮಾನತೆ ಬಂತು ಅಂತ ಊರು ಅಂದಿತು. ನೀನು ಬ್ಯಾಂಡೇಜು ಸುತ್ತಿದ ತಲೆಯಲ್ಲೇ ಕೂಗಿದೆ: 'ಥೂ, ಇದೇನ್ ಸಮಾನತೆನ್ಲಾ? ನಾವು ಮುಟ್ಟಿದ್ನ ಬಿಸಾಕೋ ಸಮಾನತೆ!'

ಅದನ್ನು ಕೇಳಿ ಬೆಳೆದವಳು ನಾನು. ಸಭೆಯ ಕಾರ್ಯದರ್ಶಿ ರವೀಶ್ ಸರ್, 'ಮಾಲಿನಿ, ಇದು ಹೈಜೀನ್ ವಿಷಯ ಕಣಮ್ಮ, ಇದಕ್ಕೂ ಜಾತಿ ತರಬೇಡ' ಅಂದಾಗ ಸುಮ್ಮನಿರಲಿಕ್ಕೆ ಆಗುತ್ತದಾ? ಮೂರು ತಲೆಮಾರಿನ ಕ್ರೈಸ್ತರು ಅವರು. ಮಗನಿಗೆ ಹೆಣ್ಣು ನೋಡುವಾಗ 'ಯಾವ ಕಡೆಯಿಂದ ಬಂದ ಕ್ರೈಸ್ತರು?' ಅಂತ ವಿಚಾರಿಸಿದ್ದನ್ನು ಕಿವಿಯಾರೆ ಕೇಳಿದ್ದೇನೆ. 'ಸರ್, ನಮ್ಮೂರ ಹೋಟೆಲಿನವನೂ ಜಾತಿ ಅಂತ ಅನ್ನಲಿಲ್ಲ, ಕ್ಲೀನು ಅಂದ' ಅಂದೆ. ಎರಡು ತಿಂಗಳು ಮಾತು ಬಿಟ್ಟರು.

'ಏನ್ಲೇ, ಲೋಟ ಒಡೆದೋನ ತಂಗಿ ಹೋಗಿ ಪಾದ್ರಿ ಲೋಟಕ್ಕೆ ಬಾಯಿ ಒಡ್ಡಿದ್ಯಾ? ಒಂದು ಗುಡಿ ಬಿಟ್ಟು ಇನ್ನೊಂದು ಗುಡಿ' ಅಂದೆ ನೀನು, ನಾನು ದೀಕ್ಷಾಸ್ನಾನ ತೆಗೆದುಕೊಂಡ ದಿನ. ಅದೇ ಕೊನೆಯ ಮಾತು. ಯಾಕೆ ಹೋದೆ ಅಂತ ಕೇಳಲಿಲ್ಲ. ಈಗ ಹೇಳುತ್ತೇನೆ.

ಗಂಡ ಸತ್ತ ವರ್ಷ ಗುಬ್ಬಿ ಕೆರೆ ಏರಿ ಮೇಲೆ ಕೂತಿದ್ದೆ. ಯಾಕೆ ಕೂತಿದ್ದೆ ಅಂತ ಬಿಡಿಸಿ ಹೇಳಬೇಕೇ? ಸಂಘ ಇತ್ತು, ಹಾಡಿತ್ತು, ನೀನಿದ್ದೆ. ಎದುರಿಗೆ ನಿಂತವನನ್ನು ಬೈಯುವುದಕ್ಕೆ ನನ್ನ ಹತ್ತಿರ ಎಲ್ಲವೂ ಇತ್ತು. ಎದುರಿಗೆ ಯಾರೂ ಇಲ್ಲದ ಹೊತ್ತಿಗೆ ಏನೂ ಇರಲಿಲ್ಲ. ಎದ್ದು ಬರುವಾಗ ದಾರಿಯಲ್ಲೊಂದು ಸಣ್ಣ ಚರ್ಚು. ಹಾಡುತ್ತಿದ್ದರು. ಬಾಗಿಲಲ್ಲಿ ಒಬ್ಬ ಅಜ್ಜಿ, 'ಒಳಿಕ್ ಬಾರವ್ವ, ಆಚೆ ಯಾಕ್ ನಿಂತಿದೀಯ' ಅಂದಳು. ಜಾತಿ ಕೇಳದೆ ಒಳಗೆ ಕರೆದದ್ದು ಜೀವಮಾನದಲ್ಲಿ ಅದೇ ಮೊದಲು. ಒಳಗೆ ಒಂದು ಬೆಳ್ಳಿ ಪಾತ್ರೆ ಬಾಯಿಂದ ಬಾಯಿಗೆ ಹೋಗುತ್ತಿತ್ತು. ಚಿನ್ನದ ಸರದ ಮೇಡಂ ಕುಡಿದರು, ಆಮೇಲೆ ಪಟ್ಟಣ ಪಂಚಾಯ್ತಿಯ ಕಸ ಗುಡಿಸುವ ಹೆಂಗಸು, ಅವಳಾದ ಮೇಲೆ ಒಬ್ಬ ಮೇಷ್ಟ್ರು. ಅವಳಾದ ಮೇಲೆ, ಅಣ್ಣ! ನನಗೆ ಬೈಬಲ್ ಗೊತ್ತಿರಲಿಲ್ಲ. ಲೋಟ ಗೊತ್ತಿತ್ತು. ಕಂಬಕ್ಕೆ ಒರಗಿ ಅತ್ತೆ.

ಆವತ್ತು ಎದೆಯೊಳಗೆ ಬಂದು ಕೂತವನು ಹನ್ನೊಂದು ವರ್ಷ ಎದ್ದು ಹೋಗಲಿಲ್ಲ. ಸಂಬಳ ಹಿಡಿದಾಗ, ಜ್ವರ ಬಂದಾಗ, ನೀನು ಫೋನ್ ಕಟ್ ಮಾಡಿದಾಗ ಜೊತೆಗೇ ಇದ್ದ. ಅದಕ್ಕೆ ನಾನು ಸಮಾಧಾನ ಅನ್ನುತ್ತೇನೆ. ನೀನು ಅಫೀಮು ಅನ್ನು, ನನಗೇನು. ಕೆರೆ ಏರಿಗೆ ಮತ್ತೆ ಹೋಗಲಿಲ್ಲವಲ್ಲ.

ಈಗ ಇಷ್ಟು ಬರೆದ ಮೇಲೆ ಸುಳ್ಳು ಉಳಿಸಿಕೊಳ್ಳುವುದು ಸರಿಯಲ್ಲ. ಕೆಮ್ಮು ಧೂಳಿನದಲ್ಲ. ಇವತ್ತು ಬೆಳಿಗ್ಗೆ ಆಸ್ಪತ್ರೆಯಲ್ಲಿ ಹೇಳಿದರು. ಟೀಬಿ.

ಗೆದ್ದು ಒಂದು ದಿನ ಆಗಿಲ್ಲ.

ಡಾಕ್ಟರಮ್ಮ ಒಳ್ಳೆಯವರು. ವಾಸಿಯಾಗುತ್ತೆ ಅಂದರು. ಮಾತ್ರೆ ಶುರುವಾಗಿ ಕೆಲವು ವಾರ ಕಳೆಯುವವರೆಗೂ ಮಾಸ್ಕ್ ತೆಗೆಯಬೇಡಿ, ಜನ ಸೇರುವ ಮುಚ್ಚಿದ ಜಾಗಕ್ಕೆ ಹೋಗಬೇಡಿ ಅಂದರು. ನಾನು ಮೊದಲು ಕೇಳಿದ್ದೇ ಲೋಟದ ವಿಷಯ. 'ಲೋಟದಿಂದ ಬರಲ್ಲಮ್ಮ, ಗಾಳಿಯಿಂದ ಬರೋದು' ಅಂದರು. ಅಲ್ಲೇ ಜೋರಾಗಿ ನಕ್ಕುಬಿಟ್ಟೆ, ಪಾಪ, ಹೆದರಿದರು. ಆದರೆ ಈ ಮಾತನ್ನು ಸಭೆಯಲ್ಲಿ ಯಾರು ನಂಬುತ್ತಾರೆ? 'ನೋಡಿದ್ರಾ, ಒಂದೇ ಪಾತ್ರೆ ಅಂತ ಕುಣಿದೋಳಿಗೇ ಟೀಬಿ' ಅಂದರೆ ಮುಗಿಯಿತು. ಪ್ಲಾಸ್ಟಿಕ್ ಕಪ್ಪು ಇನ್ನು ನಾನು ಸತ್ತ ಮೇಲೂ ಹೋಗುವುದಿಲ್ಲ. ನಮ್ಮ ಜನ ಇನ್ನೊಮ್ಮೆ ಬಾಯಿ ತೆರೆಯುವ ಹಾಗಿಲ್ಲ.

ಹೇಳದೆ ಇರಬಹುದು. ಊರಿಗೆ ಹೋಗಿದ್ದೆ ಅಂತ ಗುರುವಾರ ತಪ್ಪಿಸಿಕೊಳ್ಳಬಹುದು. ಪಾತ್ರೆ ಉಳಿಯುತ್ತದೆ. ಆದರೆ ನಿನ್ನೆ ಇಡೀ ಆರಾಧನೆ ರವೀಶ್ ಸರ್ ಮೊಮ್ಮಗಳು ಇಂಪನಾ ನನ್ನ ತೊಡೆ ಮೇಲೆ ಮಲಗಿತ್ತು. ನಾಲ್ಕು ವರ್ಷದ ಕೂಸು. ನಾನು ಅದರ ತಲೆ ಮೇಲೇ ಕೆಮ್ಮುತ್ತಿದ್ದೆ. ಅದಕ್ಕೆ ಪರೀಕ್ಷೆ ಆಗಬೇಕು. ಹೇಳಿದರೆ ಪಾತ್ರೆ ಹೋಗುತ್ತದೆ, ಹೇಳದಿದ್ದರೆ ಮಗು.

ಮಧ್ಯಾಹ್ನದಿಂದ ಮೊಣಕಾಲೂರಿದ್ದೇನೆ. ಯೇಸುವನ್ನು ಬೈದೆ ಕೂಡ. ನನ್ನ ಕೈಗೆ ಪಾತ್ರೆ ಕೊಟ್ಟು ಬಾಯಿಗೆ ಬರುವಷ್ಟರಲ್ಲಿ ಕಿತ್ತುಕೊಳ್ಳುತ್ತೀಯಲ್ಲ, ನೀನೂ ಆ ಹೋಟೆಲಿನವನೇ ಏನು ಅಂತ ಕೇಳಿದೆ. ಎದೆಯೊಳಗಿನ ಆ ಜಾಗ ಇವತ್ತು ಖಾಲಿ ಇದೆ ಅಣ್ಣ. ಹನ್ನೊಂದು ವರ್ಷ ತುಂಬಿದ್ದು ಅವನೋ, ಬರೀ ಲೋಟವೋ, ಗೊತ್ತಾಗುತ್ತಿಲ್ಲ. ಜಗಳ ಆಡುವುದನ್ನು ನೀನು ಕಲಿಸಿದೆ. ಗೆದ್ದ ಜಗಳವನ್ನು ನನ್ನ ಬಾಯಿಂದಲೇ ಸೋಲುವುದು ಹೇಗೆ ಅಂತ ಕಲಿಸಲಿಲ್ಲ.

ನಾಳೆ ನಮ್ಮ ಪಾದ್ರಿ ಅಯ್ಯನೋರ ಹತ್ತಿರ ಹೋಗಬೇಕು.

ನೀನು ಮಾತು ಬಿಟ್ಟರೂ ನಿನ್ನವಳೇ ಆದ ತಂಗಿ,
ಮಾಲಿನಿ

ತಾ.ಕ.: ಗುರುವಾರ, 2 ಏಪ್ರಿಲ್. ಲಕೋಟೆ ಅಂಟಿಸಿರಲಿಲ್ಲ, ಹಾಗಾಗಿ ಇದನ್ನೂ ಸೇರಿಸುತ್ತೇನೆ.

ಹೇಳಿದೆ. ಮಂಗಳವಾರ ಅಯ್ಯನೋರ ಮನೆಯ ಅಂಗಳದಲ್ಲಿ ನಿಂತು, ರವೀಶ್ ಸರ್ ಎದುರಿಗೇ. ಅವರು ಬಾಯಿಗೆ ಬಂದ ಹಾಗೆ ಬೈದು, ಮಗುವನ್ನು ಆಸ್ಪತ್ರೆಗೆ ಎತ್ತಿಕೊಂಡು ಓಡಿದರು. ಮಗುವಿಗೆ ಸದ್ಯಕ್ಕೆ ಏನೂ ಇಲ್ಲ ಅಂದಿದ್ದಾರಂತೆ, ಆದರೂ ಮುನ್ನೆಚ್ಚರಿಕೆಗೆ ಮಾತ್ರೆ ಕೊಟ್ಟಿದ್ದಾರೆ. ಅಯ್ಯನೋರು ಮಾತ್ರ, 'ಪಾತ್ರೆ ಒಂದೇ. ಬೇಡ ಅನ್ನೋರು ಕೂತಿರಲಿ' ಅಂದುಬಿಟ್ಟರು.

ಇವತ್ತು ಸಂಜೆ ನಾನು ಚರ್ಚಿನ ಹೊರಗೆ, ಹೊಂಗೆ ಮರದ ಕೆಳಗೆ ಮಾಸ್ಕ್ ಹಾಕಿಕೊಂಡು ನಿಂತಿದ್ದೆ. ಕಿಟಕಿಯಿಂದ ಕಂಡಿತು, ಅರ್ಧ ಸಭೆ ಎದ್ದೇಳಲಿಲ್ಲ. ಮತ್ತೆ ಹೊರಗೆ ನಿಂತೆಯಲ್ಲೇ ರೇವಮ್ಮನ ಮಗಳೇ, ಅಂದುಕೊಂಡೆ. ಅಷ್ಟರಲ್ಲಿ ಒಂದು ಹೊಳೆಯಿತು. ಯೇಸುವನ್ನು ಕೊಂದದ್ದೂ ಊರ ಹೊರಗೇ ಅಲ್ಲವಾ? ನಮ್ಮ ಕೇರಿಯ ಹಾಗೆ, ಊರಾಚೆ. ಒಳಗೆ ಹಾಡುತ್ತಿದ್ದರು. ಅವನು ಒಳಗಿರಲಿಲ್ಲ ಅಣ್ಣ, ನನ್ನ ಪಕ್ಕದಲ್ಲಿದ್ದ. ಪಾತ್ರೆ ಬರುವ ಮೊದಲೇ ಆ ಖಾಲಿ ಜಾಗ ತುಂಬಿತು. ಇನ್ನು ಅದು ಲೋಟವಿಲ್ಲದೆಯೂ ಇರುತ್ತದೆ. ನಂಬುವುದಾದರೆ ನಂಬು.

ಎಲ್ಲರದ್ದೂ ಮುಗಿದ ಮೇಲೆ ಅಯ್ಯನೋರು ಪಾತ್ರೆ ಹಿಡಿದು ಆಚೆ ಬಂದರು. ರೊಟ್ಟಿಯ ತಟ್ಟೆ ಹಿಡಿದು ಹಿಂದೆ ರವೀಶ್ ಸರ್. ಉಳಿದದ್ದನ್ನು ಅಯ್ಯನೋರೇ ಕುಡಿಯಬೇಕು, ಅದು ಪದ್ಧತಿ. ನನ್ನ ಬಾಯಿ ಮುಟ್ಟಿದ್ದನ್ನು ಕುಡಿಯುವ ಪರೀಕ್ಷೆ ಯಾರಿಗೂ ಬೇಡ ಅಂತ ತಳದವರೆಗೂ ನಾನೇ ಕುಡಿದೆ. ಆಮೇಲೆ ನೋಡುತ್ತೇನೆ, ನನ್ನ ಕಾಲು ತಾನಾಗೇ ನಲ್ಲಿಯ ಕಡೆ ನಡೆಯುತ್ತಿದೆ. ಕೈಯಲ್ಲಿ ಪಾತ್ರೆ, ತೊಳೆಯುವುದಕ್ಕೆ. ಅವ್ವನ ಕೈ.

'ಏ, ಕೊಡಮ್ಮ ಇಲ್ಲಿ. ಅದು ನನ್ನ ಕೆಲಸ' ಅಂತ ರವೀಶ್ ಸರ್ ಕಿತ್ತುಕೊಂಡರು. ನಲ್ಲಿ ಕೆಳಗೆ ಕುಕ್ಕರಗಾಲಲ್ಲಿ ಕೂತು ತೊಳೆದರು, ಸೋಪು ಹಾಕಿ, ತಿರುಗಿಸಿ ತಿರುಗಿಸಿ. ಭಯಕ್ಕೋ, ಭಕ್ತಿಗೋ, ನನ್ನ ಮೇಲಿನ ಸಿಟ್ಟಿಗೋ, ನಾನು ಕೇಳಲಿಲ್ಲ. ಬರುವ ತಿಂಗಳು ಕಮಿಟಿ ಮತ್ತೆ ಕೂರುತ್ತದಂತೆ, ಪಾತ್ರೆ ಉಳಿಯುತ್ತದೋ ಇಲ್ಲವೋ ಅದೂ ಗೊತ್ತಿಲ್ಲ.

ಆದರೆ ನಾನು ಕುಡಿದ ಲೋಟ, ಇವತ್ತು ತೊಳೆದದ್ದು ನಾನಲ್ಲ. ಅವ್ವ ಇದ್ದಿದ್ದರೆ ಹೇಳುತ್ತಿದ್ದೆ. ಅವಳಿಲ್ಲ, ಅದಕ್ಕೇ ನಿನಗೆ ಬರೆದೆ.