ಎರಡೂ ಕೈ

ನವೆಂಬರ್ ೧೬, ಭಾನುವಾರ

ಮಲಗಲಾಗದೆ ಬರೆಯುತ್ತಿದ್ದೇನೆ. ಭೂಕಂಪಕ್ಕಲ್ಲ, ಅದು ಅರ್ಧ ನಿಮಿಷದಲ್ಲಿ ಮುಗಿದುಹೋಯಿತು.

ಇವತ್ತು ಮಕ್ಕಳೊಂದಿಗೆ ಹೋಗಿದ್ದ ಬೆಳಕಿನ ಚಿತ್ರಗಳ ಮ್ಯೂಸಿಯಂನಲ್ಲಿ ಗೋಡೆ, ನೆಲದ ಮೇಲೆಲ್ಲ ಪ್ರೊಜೆಕ್ಟರಿನ ಸೇವಂತಿಗೆಗಳು ಅರಳಿ ಉದುರುತ್ತಿದ್ದವು. ನನ್ನ ಬಲಗೈಯಲ್ಲಿ ಮಗ ಇಬುಕಿ, ಎಡಗೈಯಲ್ಲಿ ಮಗಳು ಕೊತೊಹಾ. ನೆಲ ಅಲುಗಿದಾಗ ಅದೂ ಪ್ರದರ್ಶನವೇ ಅಂದುಕೊಂಡು ಜನ ನಕ್ಕರು.

"ಅಮ್ಮಾ, ಹೂವು ಕುಣೀತಿದೆ!" ಎಂದ ಇಬುಕಿ.

ಅಷ್ಟರಲ್ಲಿ ಹೂಗಳೆಲ್ಲ ಒಮ್ಮೆಲೇ ಆರಿಹೋದವು. ಆ ಕತ್ತಲಲ್ಲಿ ನಾನು ಕುಕ್ಕರುಗಾಲಲ್ಲಿ ಕುಸಿದು, ಎರಡೂ ಕೈಯಿಂದ ತಲೆ ಮುಚ್ಚಿಕೊಂಡೆ. ಚಿಕ್ಕಂದಿನಿಂದ ಪ್ರತಿ ಸೆಪ್ಟೆಂಬರಿನಲ್ಲೂ ಶಾಲೆಯ ಭೂಕಂಪದ ತಾಲೀಮಿನಲ್ಲಿ ಮಾಡಿಸಿದ್ದು ಅದನ್ನೇ. ನನ್ನ ತಲೆ, ನನ್ನ ಎರಡೂ ಕೈ. ದೀಪ ಹತ್ತುವವರೆಗೂ ಹಾಗೆಯೇ ಇದ್ದೆ.

ದೀಪ ಹತ್ತಿದಾಗ ಸುತ್ತ ಬರೀ ಬೋಳು ಗೋಡೆಗಳು. ಐದು ಹೆಜ್ಜೆ ಆಚೆ ಕೊತೊಹಾ ತಮ್ಮನ ಮೇಲೆ ಕವುಚಿಕೊಂಡಿದ್ದಳು, ಅವನ ತಲೆಯನ್ನು ಅವುಚಿಕೊಂಡು. ಅವಳಿಗೆ ಎಂಟು ವರ್ಷ. ಅವಳ ಕಣ್ಣು ನನ್ನ ಮೇಲಿತ್ತು.

ಬರುವಾಗ ರೈಲಿನಲ್ಲಿ ಕೈ ಚಾಚಿದೆ. ಅವಳು ತನ್ನ ಕೈಯನ್ನು ಜೇಬಿಗೆ ಹಾಕಿಕೊಂಡಳು.

ಊಟಕ್ಕೆ ಕೂತಾಗ ಇಬುಕಿ ಅಪ್ಪನಿಗೆ ವರದಿ ಒಪ್ಪಿಸಿದ: "ಅಕ್ಕ ತಪ್ಪು ಮಾಡಿದ್ಲು ಅಪ್ಪಾ, ತಲೆ ಮುಚ್ಕೊಳ್ಳಲೇ ಇಲ್ಲ. ಅಮ್ಮ ಸರಿಯಾಗಿ ಮಾಡಿದ್ಲು, ಎರಡೂ ಕೈಲಿ!"

"ಭೇಷ್! ಕೊತೊಹಾ, ಅಮ್ಮನ್ನ ನೋಡಿ ಕಲಿ," ಎಂದರು ಇವರು.

ನಾನು ಅವರಿಬ್ಬರ ಕೈ ಬಿಟ್ಟದ್ದನ್ನು ಅವಳು ಹೇಳಿಬಿಡುತ್ತಾಳೆಂದು ಕಾದೆ. ಹೇಳಲಿಲ್ಲ. "ಸರಿ ಅಪ್ಪಾ," ಎಂದು ಮಿಸೊ ಸಾರಿನ ಬಟ್ಟಲನ್ನು ನನ್ನತ್ತ ಸರಿಸಿದಳು. ಹೇಳಿದ್ದರೆ ಇಷ್ಟು ಭಯವಾಗುತ್ತಿರಲಿಲ್ಲ.

ಮಕ್ಕಳಿಬ್ಬರೂ ನನ್ನ ಪಕ್ಕದಲ್ಲೇ ಮಲಗಿದ್ದಾರೆ. ಈಗ ಮತ್ತೆ ನೆಲ ಅಲುಗಿದರೆ ಈ ಕೈಗಳು ಎಲ್ಲಿಗೆ ಹೋಗುತ್ತವೋ, ಗೊತ್ತಿಲ್ಲ.